ಬಲೆಯ ಕಣ್ಣು

ಗೌಜಲಕೆರೆಯ ಏರಿ ಮೇಲೆ
ಗುಜರಿ ಕಾರಿನ ಸೀಟೊಂದು ಹಾಕಿಕೊಂಡು
ಮುನಿತಾಯಮ್ಮ ಬಲೆ ಹೆಣೆಯುತ್ತಾಳೆ.
ಒಂದೊಂದು ಕಣ್ಣಿಗೂ ಮೂರು ಬೆರಳು ತೂರಿಸಿ ನೋಡುತ್ತಾಳೆ,
ತೂರದಿದ್ದರೆ ಗಂಟು ಬಿಚ್ಚಿ, ಮತ್ತೆ.

ನಾನು ಮೀನುಗಾರರ ಸಂಘದ ಲೆಕ್ಕ ಬರೆಯುವವನು.
ಹಿಂದೆ ಯಲಹಂಕದ ರಸ್ತೆ, ಮುಂದೆ ನೀರು,
ಆಚೆ ದಡದಲ್ಲಿ ಹದಿನೆಂಟು ಅಂತಸ್ತು.
ಅದರ ನೆರಳು ಸಂಜೆ ಐದಕ್ಕೆ
ತಪ್ಪದೆ ಬಂದು ನಮ್ಮ ತೆಪ್ಪ ಹತ್ತುತ್ತದೆ.

ಹೆಸರಘಟ್ಟದಿಂದ ಮರಿ ಬಂದ ದಿನ
ಪ್ಲಾಸ್ಟಿಕ್ ಚೀಲ, ಒಳಗೆ ಅರ್ಧ ನೀರು ಅರ್ಧ ಗಾಳಿ.
ಕಾಟ್ಲಾ ಇಷ್ಟು, ರೋಹು ಇಷ್ಟು, ಬರೆದೆ.
"ಪಕ್ಕೆ ಎಲ್ಲಿ ಬರ್ಕೊಂಡೆ?" ಅಂದಳು.
ಪಕ್ಕೆಗೆ ಕಾಲಮ್ಮಿಲ್ಲಮ್ಮ.
"ಚೇಳುಮೀನಿಗೆ?"
ಅದಕ್ಕೂ ಇಲ್ಲ.
"ಹಾವುಮೀನು, ಏಡಿ, ಕೊಕ್ಕರೆ ತಿಂದಿದ್ದು?"
ನಾನು ಪೆನ್ನಿನ ಕ್ಯಾಪು ಮುಚ್ಚಿದೆ.
"ನಾವ್ ಬಿಟ್ಟಿದ್ದಷ್ಟೇ ಕೆರೆ ಅನ್ಕೊಂಡಿದೀಯ."

ಚಿಕ್ಕಪಿಳ್ಳ ಒಮ್ಮೆ ಸೊಳ್ಳೆಪರದೆಯಂಥ ಬಲೆ ತಂದ.
ಮಗಳ ಸ್ಕೂಲು ಫೀಸು, ಎರಡು ಕಂತು ಬಾಕಿ.
ಅವಳು ಬೈಯಲಿಲ್ಲ. ಬಿಸಿಲಿಗೆ ಹಿಡಿದು ನೋಡಿದಳು.
"ಇದು ಕುರುಡು ಬಲೆ ಕಣೋ,
ಯಾವ್ದು ತಾಯಿ, ಯಾವ್ದು ಮರಿ, ಇದಕ್ಕೆ ಕಾಣಲ್ಲ."
ಫೀಸಿನ ಒಂದು ಕಂತು ಅವಳೇ ಕಟ್ಟಿದಳು,
ಇನ್ನೊಂದು ಇವತ್ತಿಗೂ ಬಾಕಿ.

ಮೇ ತಿಂಗಳ ಮೊದಲ ಮಳೆ.
ಊರು ತಿಂಗಳುಗಟ್ಟಲೆ ಒಳಗಿಟ್ಟುಕೊಂಡದ್ದನ್ನೆಲ್ಲ
ರಾಜಕಾಲುವೆ ಒಂದೇ ರಾತ್ರಿ ಕಾರಿತು.
ಬೆಳಗಿನ ಜಾವ ನೀರಿನ ತುಂಬ ಬಾಯಿಗಳು,
ಗಾಳಿ ಕೇಳುವ ಬಾಯಿಗಳು.
ಬಿಸಿಲೇರುವ ಹೊತ್ತಿಗೆ ಬಿಳಿ ಹೊಟ್ಟೆಗಳು.

ನಷ್ಟಕ್ಕೆ ಕಾಲಮ್ಮಿದೆ. ಬರೆದೆ: ಹನ್ನೊಂದು ಕ್ವಿಂಟಲ್.
ದಡದ ನೊರೆಯಲ್ಲಿ ಸಿಕ್ಕಿಕೊಂಡಿದ್ದವು ಪಕ್ಕೆಗಳು,
ಬೆರಳುದ್ದ, ಬಾಲದ ಬುಡದಲ್ಲಿ ಕಪ್ಪು ಬೊಟ್ಟು.
ಒಂದು ಹಿಡಿ ಎತ್ತಿ ತಂದು
"ತೂಗು" ಅಂದಳು.
ದೊಡ್ಡ ತಕ್ಕಡಿ. ಮುಳ್ಳು ಅಲುಗಲಿಲ್ಲ.
ಸುಮ್ಮನೆ ಇನ್ನೊಮ್ಮೆ ಇಟ್ಟು ನೋಡಿದೆ.

ಶ್ರಾವಣ ಕಳೆದ ಮೇಲೆ ಜೊಂಡಿನ ಸಂದಿಯಲ್ಲಿ
ಖಾರದಪುಡಿ ಚೆಲ್ಲಿದ ಹಾಗೆ
ಕೆಂಪು ಮರಿಗಳ ಗುಂಪು. ಕೆಳಗೆ ಕೊರವ,
ಕದಲದೆ, ಕಾವಲು.
ಕಿಲೋ ಐನೂರು, ಯಲಹಂಕ ಸಂತೆಯಲ್ಲಿ ಕೇಳಿದಷ್ಟು.
ಚಿಕ್ಕಪಿಳ್ಳ ಅವಳ ಮುಖ ನೋಡಿದ,
ನಾನೂ ನೋಡಿದೆ, ಯಾಕೆ ಸುಳ್ಳು.
ಅವಳು ಗಳು ಊರಿ ತೆಪ್ಪ ತಿರುಗಿಸಿದಳು,
ನೀರಿಗೂ ತಿಳಿಯದ ಹಾಗೆ.

ಆ ವಾರ ಆದಾಯ ಕಮ್ಮಿ.
ಕಾರಣ ಬರೆಯಲು ಪುಸ್ತಕದಲ್ಲಿ ಎರಡಂಗುಲ ಜಾಗ.
ತುಂಬ ಹೊತ್ತು ಕೂತು ಬರೆದೆ:
ಬಲೆಯ ಕಣ್ಣು ದೊಡ್ಡದು.

ಆಡಿಟ್ಟಿನವರು ಕೆಳಗೆ ಕೆಂಪು ಗೀಟು ಎಳೆದು
ಪಕ್ಕದಲ್ಲೊಂದು ಪ್ರಶ್ನೆ ಹಾಕಿದ್ದಾರೆ.
ಉತ್ತರ ಬರೆದಿಲ್ಲ ಇನ್ನೂ.
ಅಳಿಸಿಯೂ ಇಲ್ಲ.