ನಾಲ್ಕು ಸೀಸೆ

ಜೂನ್ ಒಂದಕ್ಕೆ ಬೋಟು ಕಟ್ಟಿದೆವು ಬೈತಖೋಲದಲ್ಲಿ.
ಎರಡು ತಿಂಗಳು ಎಂಜಿನ್ನಿಗೆ ರಜೆ,
ಅದರ ಡ್ರೈವರನಾದ ನನಗೂ.
ಎಣ್ಣೆ ಹತ್ತಿದ ಉಗುರು ಬೆಳ್ಳಗಾಗುವ ಮೊದಲೇ
ರುಕ್ಮಾ ಹೇಳಿದಳು:
ಡೀಸೆಲ್ಲನ್ನು ಎರಡು ಸಲ ಸೋಸಿ ಕುಡಿಸುತ್ತೀ ಅದಕ್ಕೆ,
ಮಗಳಿಗೆ ಕುಡಿಸುವುದನ್ನೂ ಒಮ್ಮೆ ನೋಡು.

ಮಗಳ ಕಣ್ಣು ಆಗಿನ್ನೂ ಹಳದಿ.
ಹಳದಿ ಅಂದರೆ ಅರಿಶಿನದ್ದಲ್ಲ,
ಹಳೇ ಪ್ಲಾಸ್ಟಿಕ್ ಸ್ವಿಚ್ಚಿನ ಹಳದಿ.
ಗಂಜಿ, ಮಜ್ಜಿಗೆ, ಎಳನೀರು;
ಬಂಗುಡೆ ಸಾರಿನ ವಾಸನೆಗೆ ಮುಖ ತಿರುಗಿಸುವ
ಹರಿಕಂತ್ರರ ಹುಡುಗಿ!

ಹಾಗೆ ಶುರುವಾಯಿತು ಕಂಡವರನ್ನು ಕೇಳುವುದು.
ಪಟಿಕ ತಿರುಗಿಸು, ಕೆಸರು ಕೂರುತ್ತದೆ ಎಂದ
ಐಸ್ ಪ್ಲಾಂಟಿನ ಸುಬ್ರಾಯ.
ಕೂತಿತು. ನೀರು ಕನ್ನಡಿಯಾಯಿತು.
ಆದರೆ ತಿಳಿಯಾದದ್ದೆಲ್ಲ ಒಳ್ಳೆಯದೆಂದು
ಸಮುದ್ರ ನೋಡಿದವ ಹೇಗೆ ನಂಬುವುದು?

ಬಾಟಲಿ ತುಂಬಿ ಬಿಸಿಲಿಗಿಡಿ ಅಂದಿತು
ಮಗಳ ಶಾಲೆಯ ಪುಸ್ತಕ.
ಜೂನಿನಲ್ಲಿ, ಕಾರವಾರದಲ್ಲಿ, ಬಿಸಿಲು!
ಅಡುಗೆಮನೆಯಲ್ಲಿ ರುಕ್ಮಾ ನಕ್ಕದ್ದು
ಬಹಳ ದಿನದ ಮೇಲೆ.

ಹುಬ್ಬಳ್ಳಿಯಿಂದ ಬಂದವನದು ಇಸ್ತ್ರಿ ಅಂಗಿ.
ನಮ್ಮ ಬಾವಿ ನೀರಿಗೆ ಎರಡು ಕಡ್ಡಿ ಇಳಿಸಿ ಕರೆಂಟು ಕೊಟ್ಟ,
ನೀರು ಕಂದಾಗಿ ಕದಡಿತು.
ಇದನ್ನೇ ನೀವು... ಎಂದು ಮಾತು ನಿಲ್ಲಿಸಿದ,
ನಿಲ್ಲಿಸಬೇಕಾದಲ್ಲೇ.
ನಾನು ಕಡ್ಡಿ ನೋಡಿದೆ. ಕಬ್ಬಿಣ.
ಉಪ್ಪುನೀರು ಕಬ್ಬಿಣ ತಿನ್ನುವುದನ್ನು
ಇಪ್ಪತ್ತು ವರ್ಷ ಬೋಟಿನ ಹೊಟ್ಟೆಯಲ್ಲಿ ಕೂತು ಕೆರೆದವ ನಾನು, ಮಾರಾಯ.
ನಿನ್ನ ಮಷೀನಿನ ನೀರಿಗೇ ಚಿಟಿಕೆ ಉಪ್ಪು ಹಾಕು,
ಅವೇ ಕಡ್ಡಿ ಇಳಿಸು ಎಂದೆ.
ಅದೂ ಕಂದಾಯಿತು.
ಚಾ ಕುಡಿದು ಹೋದ.

ಆಶಾ ಕೆಲಸದ ದೀಪಾಲಿ ನಾಲ್ಕು ಸೀಸೆ ತಂದಳು,
ಒಳಗೆ ಔಷಧಿ ಬಳಿದ ಕಾಗದದ ಚೂರು.
ನೀರು ತುಂಬಿ ಮುಚ್ಚಿ, ಎರಡು ದಿನ ಬೆಚ್ಚಗಿಡಿ,
ಕೆಟ್ಟದ್ದಾದರೆ ತಾನೇ ಕಪ್ಪಾಗುತ್ತದೆ.
ಹಾಗೆ ಒಪ್ಪಿಕೊಳ್ಳುವಂಥದ್ದು ಊರಲ್ಲಿ ಬೇರೇನಿದೆ?

ಒಂದಕ್ಕೆ ಬಾವಿಯದು.
ಎರಡಕ್ಕೆ ಪಕ್ಕದ ಇನಾಸನ ಮನೆಯ ಮಷೀನಿನದು.
ಮೂರಕ್ಕೆ ನಮ್ಮ ಒಲೆಯ ಮೇಲೆ ಕುದಿದು ತಣಿದದ್ದು,
ಪಾತ್ರೆಯಿಂದ ನೇರ.
ಇನ್ನೊಂದು ಉಳಿಯಿತಲ್ಲ ಎಂದು ರುಕ್ಮಾ
ಅದೇ ಕುದಿಸಿದ್ದನ್ನು
ದಿನಾ ಕುಡಿಯುವ ಕೊಡಪಾನದಿಂದ ತುಂಬಿದಳು.
ಸುಮ್ಮನೆ. ಸೀಸೆ ಖಾಲಿ ಬಿಡಬಾರದೆಂದು.

ಹಳೇ ಕಂಬಳಿಯಲ್ಲಿ ಸುತ್ತಿಟ್ಟೆವು,
ಮಾವು ಹಣ್ಣಿಗಿಟ್ಟ ಹಾಗೆ.

ಎರಡನೇ ರಾತ್ರಿ ಎರಡಕ್ಕೆ ಎಚ್ಚರ,
ಬಲೆ ಎಳೆಯುವ ಹೊತ್ತಿನ ಚಾಳಿ.
ಟಾರ್ಚು ಹಿಡಿದು ಕಂಬಳಿ ಬಿಡಿಸಿದೆ.
ಬಾವಿಯದು ಕಪ್ಪು; ಗೊತ್ತೇ ಇತ್ತು.
ಇನಾಸನದು ತಿಳಿ; ಒಪ್ಪಿದೆ.
ಕುದಿಸಿದ್ದು ತಿಳಿ.
ನಾಲ್ಕನೆಯದು
ಬಾವಿಗಿಂತ ಒಂದು ಕೈ ಹೆಚ್ಚೇ ಕಪ್ಪು.

ಕತ್ತಲಲ್ಲೇ ಕೂತೆ.
ಇಷ್ಟು ಗ್ಯಾಸು ಸುಟ್ಟು, ಇಷ್ಟು ಹೊತ್ತು ಕಾದು, ಕೊನೆಗೆ
ಬಲೆ ಹೊಲಿಯುತ್ತಿದ್ದವ ಎದ್ದು ಬಂದು
ತಂಬಿಗೆ ಮುಳುಗಿಸುತ್ತೇನೆ
ನಾಲ್ಕೂ ಬೆರಳು ಗಂಟಿನ ತನಕ.
ಕಾಯಿಲೆ ಎಲ್ಲಿಂದ ಬಂತೋ ಯಾರಿಗೆ ಗೊತ್ತು.
ಈ ಹದಿನೈದು ದಿನ ಮಾತ್ರ
ರಾತ್ರಿ ಅವಳು ಪಪ್ಪಾ ನೀರು ಎಂದಾಗೆಲ್ಲ
ಎದ್ದು ಕೊಟ್ಟವ ನಾನೇ.

ಬೆಳಿಗ್ಗೆ ಪೇಟೆಯಿಂದ ತಂದೆ
ನಲ್ಲಿ ಇರುವ ಸ್ಟೀಲಿನ ಡಬ್ಬ,
ಬಾಯಿ ಸಣ್ಣದು, ನನ್ನ ಕೈ ಹೋಗದು.
ಕಟ್ಟೆಯ ಮೇಲಿಂದ ಇನಾಸ ಕೂಗಿದ,
ಯಾವ ಕಂಪನಿ?
ಕಂಪನಿ ಇಲ್ಲೋ, ಡಬ್ಬ ಅಂದೆ.

ಮಗಳು ತಾನೇ ಎದ್ದು ಬಂದು ನಲ್ಲಿ ತಿರುಗಿಸಿದಳು.
ಲೋಟ ತುಂಬುವ ತನಕ ಇಬ್ಬರೂ ನೋಡುತ್ತ ನಿಂತೆವು.
ನಲ್ಲಿ ಸ್ವಲ್ಪ ತೊಟಕುತ್ತದೆ.
ಬೋಟಿನ ಪೆಟ್ಟಿಗೆಯಲ್ಲಿ ಅದೇ ಅಳತೆಯ ವಾಷರಿದೆ,
ಹೊಸದು.
ತೊಳೆದು ಹಾಕಬೇಕು.