ಯಾರನ್ನೂ ಹುಡುಕದ ನೀರು

ಗೊರೂರಿನ ಹಿನ್ನೀರಲ್ಲಿ
ಮೊಳದಾಚೆಗೆ ಏನೂ ಕಾಣುವುದಿಲ್ಲ.
ಅದಕ್ಕೇ ನಾನು ಕಣ್ಣು ಮುಚ್ಚಿಕೊಂಡೇ ಇಳಿಯುವುದು,
ಬುದ್ಧಿಯೆಲ್ಲ ಬೆರಳಿಗೆ ಬರಲಿ ಅಂತ.
ಮುಳುಗಿದ ಊರಿನ ಹೊಸ್ತಿಲು, ಒರಳು,
ಹುಣಸೆ ಬೊಡ್ಡೆ, ಹರಿದ ಬಲೆ.
ಆಮೇಲೆ, ಬಟ್ಟೆ.
ಬಟ್ಟೆ ಸಿಕ್ಕರೆ ಹಗ್ಗ ಎರಡು ಸಲ ಜಗ್ಗಬೇಕು.
ದಡದಲ್ಲಿ ಅಳು ನಿಂತು
ಮತ್ತೆ ಶುರುವಾಗುವ ನಡುವಿನ ಆ ಚೂರು ಹೊತ್ತು
ನೀರೊಳಗಿದ್ದೂ ನನಗೆ ಗೊತ್ತಾಗುತ್ತದೆ.

ಹಾಸನದ ಅಗ್ನಿಶಾಮಕ ಠಾಣೆ, ಹತ್ತೊಂಬತ್ತು ವರ್ಷ.
ಬೆಂಕಿಗಿಂತ ನೀರಿಗೇ ಕರೆ ಹೆಚ್ಚು.

ಹೋದ ಫೆಬ್ರವರಿಯಲ್ಲಿ ತರಬೇತಿಗೆಂದು
ಲಕ್ಷದ್ವೀಪಕ್ಕೆ ಕಳಿಸಿದರು,
ನನ್ನನ್ನೂ ಅರಕಲಗೂಡಿನ ಚೆಲುವಯ್ಯನನ್ನೂ.
ಹಡಗಿನ ತುಂಬ ಚೆಲುವಯ್ಯ ಕಾರಿಕೊಂಡ.
ನಾನು ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ತಿಂದು ಕೂತೆ.

ಸಿಲಿಂಡರು ಅದೇ ಭಾರ. ಬೆಲ್ಟು ಅದೇ.
ನೀರು ಮಾತ್ರ ಬಾಣಂತಿಗೆ ಹದ ಮಾಡಿಟ್ಟ ಹಾಗೆ.
ಅಭ್ಯಾಸಬಲ, ಕಣ್ಣು ಮುಚ್ಚಿಯೇ ಇಳಿದೆ.
ಕಲಿಸುವ ಹುಡುಗ ಕೋಯ ನನ್ನ ಭುಜ ತಟ್ಟಿ
ಎರಡು ಬೆರಳಲ್ಲಿ ತನ್ನ ಕಣ್ಣು ತೋರಿಸಿದ:
ನೋಡು.

ನೋಡಿದೆ.
ಬಿಸಿಲು ಅಲ್ಲಿ ತಳದ ತನಕ ಇಳಿಯುತ್ತದೆ.
ಕೋಳಿಜುಟ್ಟಿನಂಥ ಹವಳ, ಹೂಕೋಸಿನಂಥ ಹವಳ,
ಸಂತೇಪೇಟೆಯ ಬಳೆಯಂಗಡಿಯನ್ನು ಯಾರೋ
ಮಗುಚಿ ಹಾಕಿದ ಹಾಗೆ ಮೀನು.
ಹಳದಿಯದೊಂದು ಹತ್ತಿರ ಬಂದು
ಹೊಸದಾಗಿ ಬಾಡಿಗೆಗೆ ಬಂದವನನ್ನು ನೋಡುವಂತೆ
ನನ್ನ ಮುಖ ನೋಡಿ ಹೋಯಿತು.

ಕೈ ತಾನಾಗಿ ತಡಕಲು ಹೊರಟಿತು.
ಕೋಯ ಹಿಡಿದುಕೊಂಡ. ಮೇಲೆ ಬಂದ ಮೇಲೆ
ಹಿಂದಿಯಲ್ಲಿ ಹೇಳಿದ:
ಮುಟ್ಟಬಾರದು ಅಣ್ಣ, ಅದಕ್ಕೆ ಜೀವ ಇದೆ.

ಹತ್ತೊಂಬತ್ತು ವರ್ಷದಲ್ಲಿ, ನೀರೊಳಗಿನ ಯಾವುದಕ್ಕೂ
ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ನಾನು ಕಂಡಿದ್ದ ಹವಳವೆಂದರೆ ಎರಡೇ ಮಣಿ.
ಕೊಣನೂರಿನ ಕಡೆಯ ಹೆಣ್ಣುಮಗಳು,
ಮೂರು ದಿನದ ನೀರು. ಮುಖ ನೋಡಿ
ಗಂಡ ಅಲ್ಲ ಅಂದ, ಅಪ್ಪ ಸುಮ್ಮನಿದ್ದ.
ತಾಯಿ ಬಗ್ಗಿ ತಾಳಿಯ ಎಡಬಲದ ಹವಳ ಹಿಡಿದು
'ಇದು ನಾನೇ ಪೋಣಿಸಿದ್ದು' ಅಂದಳು.
ಆವತ್ತು ಮನೆಗೆ ಹೋಗಿ
ಹೆಂಡತಿಯ ಕೊರಳ ಕಡೆ ನೋಡಲಾಗಲಿಲ್ಲ.

ಮೊನ್ನೆ ಮಂಗಳವಾರ ಮತ್ತೆ ಗೊರೂರು.
ಪಾಲಿಟೆಕ್ನಿಕ್ ಹುಡುಗ, ಚಪ್ಪಲಿ ದಡದಲ್ಲಿ ಜೋಡಿಸಿಟ್ಟಿದ್ದ.
ಬೆಲ್ಲದ ಪಾಕದಂಥ ನೀರು.
ಕಣ್ಣು ತೆರೆದೇ ಇಳಿದೆ, ಏನೂ ಕಾಣಲಿಲ್ಲ.
ಯಾವುದೋ ಬೊಡ್ಡೆಯ ಹತ್ತಿರ
ಕೈ ಚಾಚಿ, ಮುಟ್ಟುವ ಮುಂಚೆ
ತುಸು ನಿಂತೆ,
ಒಳಗೆ ಬರಲೇ ಅಂತ ಕೇಳುವವನ ಹಾಗೆ.

ಮೇಲಿಂದ ಚೆಲುವಯ್ಯ ಹಗ್ಗ ಅಲುಗಿಸಿದ:
ಯಾಕೆ ತಡ?
ಏನಿಲ್ಲ ಅಂತ
ಒಂದು ಸಲ ಜಗ್ಗಿದೆ.