ಮೂರನೆಯ ದಿನದ ನೇರಳೆ

ಪುಯೆರ್ತೊ ಮೊಂತ್, ರಾತ್ರಿ ಎರಡೂಕಾಲು.
ನಾನೂ ನೊಯೆಲ್ಯಾಳೂ ಸೇರಿ
ಅಬ್ದೋನ್ ಬಾರ್ರಿಯಾನನ್ನು ಎಡಮಗ್ಗುಲಿಗೆ ಹೊರಳಿಸಿದೆವು.
ಟಾರ್ಚು ಬಿಟ್ಟೆ.
ಬೆನ್ನ ತುದಿಯಲ್ಲಿ, ಎಲುಬು ಮುಗಿಯುವಲ್ಲಿ,
ನೇರಳೆ ತಿಂದ ನಾಲಗೆಯ ಬಣ್ಣ.
ಅಂಗೈಯಗಲ.

ಚರ್ಮ ಹರಿದಿಲ್ಲ. ತೊಟ್ಟು ರಕ್ತವಿಲ್ಲ.
ಬೆರಳಿಟ್ಟರೆ ಮೆತ್ತಗೆ,
ಸಿಪ್ಪೆ ಚೆನ್ನಾಗಿದ್ದು ಒಳಗೆ ಕಳಿತ ಹಣ್ಣು.
ಸುತ್ತಲ ಮೈಗಿಂತ ತುಸು ಬಿಸಿ.
ಉಪ್ಪುನೀರು, ಗಾಳಿ ಕಪ್ಪಾಗಿಸಿದ ಚರ್ಮ ಅವನದು;
ನಿನ್ನೆಯೇ ಇದ್ದಿದ್ದರೂ
ನಿನ್ನೆಯ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಫಾರಮ್ಮಿನಲ್ಲಿ ಒಂದು ಸಾಲು: ಮೊದಲು ಕಂಡವರು.
ನನ್ನ ಹೆಸರು ಬರೆದೆ.
ಆ ಸಾಲಿನಲ್ಲಿ ಯಾರ ಹೆಸರು ಬರೆದರೂ
ಮಾಡಿದವರ ಹೆಸರಿನಂತೆಯೇ ಕಾಣುತ್ತದೆ.

ಆದರೆ ಇದು ಇವತ್ತಿನದಲ್ಲ.
ಒಳಮಾಂಸ ಮೊದಲು ಸಾಯುತ್ತದೆ, ಎಲುಬಿಗೆ ಒತ್ತಿಕೊಂಡು, ಸದ್ದಿಲ್ಲದೆ.
ಚರ್ಮಕ್ಕೆ ಸುದ್ದಿ ಮುಟ್ಟಲು
ಎರಡು ದಿನ, ಮೂರು ದಿನ.
ಹಾಗಾಗಿ ಹಿಂದಕ್ಕೆ ಎಣಿಸುತ್ತೇನೆ.

ನಿನ್ನೆ ರಕ್ತದೊತ್ತಡ ಎಪ್ಪತ್ತಕ್ಕೆ ಇಳಿದಿತ್ತು.
ಏರಿಸುವ ಔಷಧಿ ಹನಿಹನಿಯಾಗಿ ಹೋಗಿ
ಇದ್ದ ರಕ್ತವನ್ನೆಲ್ಲ ಹೃದಯಕ್ಕೆ, ಮೆದುಳಿಗೆ ಎಳೆದುಕೊಟ್ಟಿತು,
ಬೆನ್ನನ್ನು ಉಪವಾಸ ಕೆಡವಿತು.
ಅದಿಲ್ಲದಿದ್ದರೆ ಅವನು ನಿನ್ನೆಯೇ ಹೋಗುತ್ತಿದ್ದ, ಅದೂ ನಿಜ.
ಮೊನ್ನೆ ಒಡೆದ ಕರುಳಿಗೆ ಆಪರೇಷನ್, ಆರೂವರೆ ಗಂಟೆ,
ಅಂಗಾತ. ಹೊರಳಬೇಕೆಂಬ ನೆನಪೇ ಬರದಂತೆ
ಮಲಗಿಸಿದವರು ನಾವೇ.
ಅದಕ್ಕೂ ಮೊದಲು ದ್ವೀಪದಿಂದ ಆಂಬುಲೆನ್ಸು, ಗಟ್ಟಿ ಹಲಗೆ,
ಗಾಳಿಗೆ ದೋಣಿ ಬಿಡದೆ
ಎರಡು ತಾಸು ದಡದಲ್ಲೇ ಕಾದದ್ದು;
ಒದ್ದೆ ಬಟ್ಟೆ ಯಾರೂ ಬದಲಿಸಲಿಲ್ಲ.
ಅದಕ್ಕೂ ಮೊದಲು ಸಕ್ಕರೆ ಕಾಯಿಲೆ, ಹನ್ನೊಂದು ವರ್ಷ.
ಅದಕ್ಕೂ ಮೊದಲು ಸಿಗರೇಟು.
ಕಡಲು ಕೆಂಪಗೆ ವಿಷವಾಗಿ
ಚಿಪ್ಪು ಮಾರಬಾರದೆಂದಾದ ಆ ಚಳಿಗಾಲ,
ಬರೀ ಬ್ರೆಡ್ಡು, ಚಹಾ.
ಎಲ್ಲಿ ನಿಲ್ಲಿಸಲಿ?

ಹಗಲೆಲ್ಲ ಬಂದು ಕೂರುವವಳು ಅವನ ಅಕ್ಕ ಎದೆಲ್ಮಿರಾ.
ಮೂವತ್ತು ವರ್ಷ ಇವನು ನಳಿಗೆ ಕಚ್ಚಿಕೊಂಡು ತಳಕ್ಕಿಳಿದು
ಮುಳ್ಳುಚಿಪ್ಪು ಕಿತ್ತವನಂತೆ.
ಅಷ್ಟು ಕಡಲು ಹೊತ್ತ ಬೆನ್ನು ಇದು, ಎನ್ನುತ್ತಾಳೆ.
ಬೆಳಗ್ಗೆ ಈ ಕಲೆ ನೋಡಿ ಕೇಳದೆ ಬಿಡುವವಳಲ್ಲ:
ಏನು ಬಿತ್ತು ಇವನ ಮೇಲೆ?

ಏನೂ ಬಿದ್ದಿಲ್ಲ, ತಾಯಿ.
ಇವನದೇ ಅರವತ್ತೆಂಟು ಕಿಲೋ.
ನೀರಿನ ಭಾರ ಎಲ್ಲ ಕಡೆಯಿಂದ ಸಮನಾಗಿ ಅಪ್ಪುತ್ತದೆ;
ಹಾಸಿಗೆಯದು ಹಾಗಲ್ಲ.
ಅದು ಎಲುಬನ್ನು ಹುಡುಕುತ್ತದೆ.

ಹೇಳಲಾರೆ ಬಹುಶಃ. ತೋರಿಸುತ್ತೇನೆ, ಅಷ್ಟೆ.
ತೆರೆದುಕೊಳ್ಳಬಹುದು, ಹಾಗೇ ಆರಲೂಬಹುದು.
ಹಾಸಿಗೆಗಿಂತ ಉದ್ದ ಈ ಮನುಷ್ಯ,
ಕಾಲು ಚಾಚಿದಲ್ಲೆಲ್ಲ ಹಿಮ್ಮಡಿಗೆ ಕಬ್ಬಿಣ.
ಮೀನಖಂಡದ ಕೆಳಗೆ ದಿಂಬಿಟ್ಟು
ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಬಿಟ್ಟೆ.

ನಾಲ್ಕೂಕಾಲಿಗೆ ಮತ್ತೆ ಬಂದೆವು.
ಕಣ್ಣು ಮುಚ್ಚಿಯೇ ಇತ್ತು. ಕೈ ಮಾತ್ರ
ಡ್ರಿಪ್ಪಿನ ನಳಿಗೆ ಹಿಡಿದು
ಎರಡು ಸಲ ಜಗ್ಗಿತು.
ಕಿತ್ತುಹಾಕುತ್ತಾನೆಂದು ನೊಯೆಲ್ಯಾ ಓಡಿಬಂದಳು.
ನನಗೆ ಅಕ್ಕನ ಮಾತು ನೆನಪಾಯಿತು:
ಎರಡು ಸಲ ಜಗ್ಗಿದರೆ
ಸಾಕು, ಮೇಲಕ್ಕೆಳೆಯಿರಿ ಎಂದರ್ಥ.

ಹಾಳೆಯ ಎರಡು ತುದಿ ಹಿಡಿದೆವು.
ಮೇಲಕ್ಕೆ ಆಗಲಿಲ್ಲ,
ಬಲಕ್ಕೆ.